ತಳದ್ದು ಕೊಡಿ

ತಿಪಟೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕೊಬ್ಬರಿ ವರ್ತಕರು ಚೀಲದ ಮೇಲಿನ ಕೊಬ್ಬರಿಯನ್ನು ಎಂದೂ ಮುಟ್ಟಿದವರಲ್ಲ. ಭುಜದವರೆಗೂ ತೋಳು ಇಳಿಬಿಟ್ಟು, ಅಡಿಯಲ್ಲಿದ್ದುದನ್ನೇ ಎಳೆದು ಮೂಸಿ ನೋಡುತ್ತಿದ್ದರು. "ಮೇಲಿಂದು ತೋರ್ಸಕ್ಕೆ ಇಟ್ಟಿರ್ತಾರೆ ಕಣಪ್ಪ, ತಳದ್ದು ಕೊಡಿ" ಎನ್ನುವುದು ಅವರ ದಿನದ ಮಾತು.

ನಿವೃತ್ತಿಯಾದಾಗ ಬಂದ ಹಣದಲ್ಲಿ ನಾನೊಂದು ಕೊಬ್ಬರಿ ಎಣ್ಣೆ ಕಂಪನಿಯ ಷೇರು ಕೊಳ್ಳಲು ಹೊರಟಿದ್ದೆ. ಒಂದೇ ವರ್ಷದಲ್ಲಿ ನೀರಿನ ಬಳಕೆಯನ್ನು ಅರ್ಧಕ್ಕೆ ಇಳಿಸಿದ್ದೇವೆಂದು ಅದರ ಪರಿಸರ ವರದಿ ಹೇಳುತ್ತಿತ್ತು. ಹಿಗ್ಗಿನಿಂದ ಅದನ್ನು ವರ್ತಕರ ಕೈಗೆ ಕೊಟ್ಟೆ. ಅವರು ಕೊನೆಯ ಪುಟದಿಂದ ತೆರೆದು, ಕನ್ನಡಕ ಹಣೆಗೇರಿಸಿ, ಅಡಿಟಿಪ್ಪಣಿಯ ಸಣ್ಣಕ್ಷರಕ್ಕೆ ಮೂಗು ತಾಗಿಸಿದರು. ಇದನ್ನೂ ಮೂಸುತ್ತಾರೇನೋ ಎನ್ನಿಸಿತು.

"ಹೋದ್ವರ್ಷ ನಾಕು ಕಾರ್ಖಾನೆ ನೀರು ಅಳ್ದವ್ರೆ, ಈ ವರ್ಷ ಎರಡೇ ಕಾರ್ಖಾನೇದು. ನಾಕು ಚೀಲದಾಗೆ ಎರಡು ಕೆಳಗಿಳ್ಸಿ ತೂಕ ಕಮ್ಮಿ ಆಯ್ತು ಅಂತಾವ್ರೆ ಕಣ್ರೀ ಮೇಷ್ಟ್ರೇ!"

ಷೇರಿನ ಆಸೆಯನ್ನು ಅಲ್ಲೇ ಬಿಟ್ಟೆ. "ಒಳ್ಳೇ ಹೊತ್ತಿಗೆ ಉಳಿಸಿದ್ರಿ ಯಜಮಾನ್ರೇ. ಹೋದ ವರ್ಷದ ಲೆಕ್ಕ ಇದರಲ್ಲಿ ಇಲ್ವಲ್ಲ, ನಿಮಗೆ ಹೆಂಗೆ ಗೊತ್ತು?" ಎಂದೆ.

ಅವರು ಹೊಟ್ಟೆ ಕುಲುಕಿಸಿ ನಕ್ಕರು.

"ಹೋದ್ವರ್ಷ ಇದೇ ಷೇರು ನಾನು ತಗಂಡೆ ಕಣ್ರೀ. ವರದಿ ರಟ್ಟಿನ ಮೇಲೆ ತೆಂಗಿನ ತೋಟದ ಚಿತ್ರ ಏನ್ ಚೆನ್ನಾಗಿತ್ತು ಅಂತೀರಿ!"