ಪಿ.ಬಿ. ರಸ್ತೆಯ ಎರಡು ಪೆಟ್ರೋಲ್ ಬಂಕ್‌ಗಳು

ಈ ಕೆಳಕಂಡ ಸಂಗತಿಗಳು ಎರಡು ಸಾವಿರದ ದಶಕದ ಆರಂಭದಲ್ಲಿ ನಾನು ಮೆಲ್ಬರ್ನ್‌ನಲ್ಲಿ ವಿದ್ಯಾರ್ಥಿಯಾಗಿದ್ದ ಅವಧಿಗೆ ಸಂಬಂಧಿಸಿದವು. ಈಗ ಸಿಡ್ನಿಯ ನಾರ್ವೆಸ್ಟ್‌ನಲ್ಲಿ ಉದ್ಯೋಗದಲ್ಲಿದ್ದೇನೆ. ಕಚೇರಿಯ ಪತ್ರಗಳ ಹೊರತು ಬೇರೇನನ್ನೂ ಬರೆದ ಅನುಭವ ನನಗಿಲ್ಲ. ಲೋಪದೋಷಗಳಿದ್ದಲ್ಲಿ ಓದುಗರು ಮನ್ನಿಸಬೇಕಾಗಿ ಕೋರುತ್ತೇನೆ.

ಗ್ಲೆನ್ ವೇವರ್ಲಿಯ ಒಂದು ಮನೆಯ ಹಿಂದಿನ ಕೋಣೆಯಲ್ಲಿ ತುಮಕೂರಿನವನಾದ ನಾನು ಮತ್ತು ಧಾರವಾಡದ ಒಬ್ಬ ಸಹಪಾಠಿ ಜೊತೆಯಾಗಿ ವಾಸವಾಗಿದ್ದೆವು. ಅರ್ಥಶಾಸ್ತ್ರದಲ್ಲಿ ಗೇಮ್ ಥಿಯರಿ ಎಂಬ ವಿಷಯ ಇಬ್ಬರಿಗೂ ಕಡ್ಡಾಯವಾಗಿತ್ತು. ತಾನು ಮಾಡುವ ತೀರ್ಮಾನದ ಫಲವು ಎದುರಾಳಿಯ ತೀರ್ಮಾನವನ್ನೂ ಅವಲಂಬಿಸಿರುವಾಗ ಮನುಷ್ಯ ಹೇಗೆ ಆಲೋಚಿಸುತ್ತಾನೆ ಎಂಬುದೇ ಅದರ ಸಾರ. ನಮಗೆ ಪಠ್ಯಪುಸ್ತಕ ಅರ್ಥವಾಗಲಿಲ್ಲ. ಹಿಂದಿನ ವರ್ಷ ಉತ್ತೀರ್ಣರಾಗಿದ್ದ ಹುಬ್ಬಳ್ಳಿಯ ಸೀನಿಯರ್ ಒಬ್ಬರ ಕೈಬರಹದ ನೋಟ್ಸನ್ನು ಗೆಳೆಯ ತಂದ. ಜೆರಾಕ್ಸ್ ಮಾಡಿಸಿಕೊಂಡು, ಊರಿನ ಕಾಲೇಜಿನಲ್ಲಿ ರೂಢಿಯಾಗಿದ್ದಂತೆ, ಇಬ್ಬರೂ ಅಕ್ಷರಶಃ ಬಾಯಿಪಾಠ ಮಾಡಿದೆವು.

ಅದರಲ್ಲಿದ್ದ ಉದಾಹರಣೆ ಹುಬ್ಬಳ್ಳಿಯ ಪಿ.ಬಿ. ರಸ್ತೆಯಲ್ಲಿ ಎದುರುಬದುರಾಗಿರುವ ಎರಡು ಪೆಟ್ರೋಲ್ ಬಂಕ್‌ಗಳದ್ದು. ದರವನ್ನು ಅವರವರೇ ನಿಗದಿ ಮಾಡುತ್ತಾರೆಂದು ಭಾವಿಸಿಕೊಳ್ಳಬೇಕು. ಇಬ್ಬರೂ ದರ ಕಾಯ್ದುಕೊಂಡರೆ ಇಬ್ಬರಿಗೂ ಲಾಭ. ಒಬ್ಬನೇ ಇಳಿಸಿದರೆ ಗಿರಾಕಿಗಳೆಲ್ಲ ಅವನ ಕಡೆಗೆ. ಎದುರಿನವನು ಇಳಿಸಿಯಾನು ಎಂಬ ಶಂಕೆಯಿಂದ ಇಬ್ಬರೂ ಇಳಿಸಿ ಕೊನೆಗೆ ಇಬ್ಬರೂ ಕೆಡುತ್ತಾರೆ. ಇದನ್ನು ತೋರಿಸುವ ಲಾಭನಷ್ಟದ ಕೋಷ್ಟಕದ ಒಂದು ಮನೆಯಲ್ಲಿ ಸೀನಿಯರ್ ಕೈತಪ್ಪಿನಿಂದ ಅಂಕಿಗಳನ್ನು ಅದಲುಬದಲು ಬರೆದಿದ್ದರು. ಹುಬ್ಬಳ್ಳಿಯನ್ನೇ ಕಾಣದ ನಾನು ಪಿ.ಬಿ. ರಸ್ತೆಯನ್ನೂ ತಪ್ಪು ಅಂಕಿಗಳನ್ನೂ ಯಥಾವತ್ತಾಗಿ ಉತ್ತರಪತ್ರಿಕೆಗೆ ಇಳಿಸಿದೆ. ನನ್ನ ಮುಂದಿನ ಸಾಲಿನಲ್ಲಿ ಕುಳಿತಿದ್ದ ಗೆಳೆಯನೂ ಹಾಗೆಯೇ ಮಾಡಿದ್ದ.

ಎರಡು ವಾರಗಳ ತರುವಾಯ ಇಬ್ಬರಿಗೂ ವಿಭಾಗದಿಂದ ಪತ್ರ ಬಂತು. ಉತ್ತರಗಳು ಶಬ್ದಶಃ ಒಂದೇ ಆಗಿರುವುದರಿಂದ ನಕಲು ನಡೆದಿರುವ ಸಂದೇಹವಿದೆ, ವಾರದೊಳಗೆ ಪ್ರತ್ಯೇಕವಾಗಿ ಲಿಖಿತ ವಿವರಣೆ ನೀಡಬೇಕು, ಪರಸ್ಪರ ಚರ್ಚಿಸಕೂಡದು. ಆರೋಪ ಸಾಬೀತಾದರೆ ಪ್ರವೇಶ ರದ್ದು. ಪ್ರವೇಶ ರದ್ದಾದರೆ ವೀಸಾ ರದ್ದು, ಊರಿಗೆ ವಾಪಸು.

ಒಂದೇ ಕೋಣೆಯಲ್ಲಿದ್ದೂ ನಾವು ಆ ಕುರಿತು ಮಾತನಾಡಲಿಲ್ಲ. ಹಿಂದೆ ಕುಳಿತವನು ನಾನು. 'ಇವನೇ ಇಣುಕಿ ನೋಡಿದ' ಎಂದು ಅವನು ಬರೆದರೆ ನನ್ನ ಬಳಿ ಉತ್ತರವಿರಲಿಲ್ಲ. ಅವನ ಪ್ರತಿಯೊಂದು ನಡೆಯೂ ನನಗೆ ಸಾಕ್ಷ್ಯವಾಗಿ ತೋರತೊಡಗಿತು. ಫೋನ್ ಬಂದರೆ ಹಿತ್ತಲಿಗೆ ಹೋಗುತ್ತಿದ್ದ. ಸರದಿ ನನ್ನದಾಗಿದ್ದರೂ ಪಾತ್ರೆ ತೊಳೆದಿಟ್ಟಿದ್ದ. ಒಂದು ಬೆಳಿಗ್ಗೆ ಚಹಾ ಲೋಟವನ್ನು ನನ್ನ ಮುಂದಿಟ್ಟ.

"ಕುಡೀಲೇ, ಆರ್ತದ."

"ಏನ್ ಗುರು ಇವತ್ತು, ಇಷ್ಟೊಂದು ಉಪಚಾರ?"

"ಚಾ ಕೊಟ್ರೂ ಸಂಶಯ ಏನಲೇ? ವಿಷ ಹಾಕಿಲ್ಲ, ಸಕ್ರಿ ಹಾಕೀನಿ."

ಅವನು ನಕ್ಕ. ತಪ್ಪಿತಸ್ಥನ ನಗೆ ಎಂದು ನಾನು ತೀರ್ಮಾನಿಸಿದೆ.

ಅದೇ ದಿನ ಗ್ರಂಥಾಲಯದ ಕಂಪ್ಯೂಟರಿನಲ್ಲಿ ವಿವರಣೆ ಬರೆದು, ಮುದ್ರಿಸಿ, ಸಲ್ಲಿಸಿದೆ. ನೋಟ್ಸಿನ ಪ್ರಸ್ತಾಪವನ್ನು ಮಾಡಲಿಲ್ಲ. ಅದು ತಪ್ಪೊಪ್ಪಿಗೆಯಾದೀತೆಂಬ ಭಯವಿತ್ತು. ಬದಲಾಗಿ, "ನಾನು ಬರೆಯುವ ವೇಳೆ ಮುಂದಿನ ಸಾಲಿನ ವಿದ್ಯಾರ್ಥಿಯು ಹಿಂತಿರುಗಿ ನೋಡಿರುವ ಸಾಧ್ಯತೆಯನ್ನು ಅಲ್ಲಗಳೆಯಲಾಗದು" ಎಂಬ ವಾಕ್ಯವನ್ನು ಸೇರಿಸಿದೆ. ಅವನು ಒಮ್ಮೆಯೂ ತಿರುಗಿರಲಿಲ್ಲವೆಂಬುದು ನನಗೆ ತಿಳಿದಿತ್ತು.

ವಿಚಾರಣೆಯ ದಿನ ಮೊದಲು ಅವನನ್ನು, ಅನಂತರ ನನ್ನನ್ನು ಒಳಗೆ ಕರೆದರು. ಪ್ರಾಧ್ಯಾಪಕಿಯ ಮೇಜಿನ ಮೇಲೆ ಜೆರಾಕ್ಸ್ ನೋಟ್ಸ್ ಇತ್ತು. ಇದನ್ನು ತಂದವನು ತಾನೇ, ಇಬ್ಬರೂ ಬಾಯಿಪಾಠ ಮಾಡಿದ್ದೇವೆ, ಬೇಕಿದ್ದರೆ ಅವನ ಬಾಯಿಂದಲೂ ಕೇಳಿ ಎಂದು ಗೆಳೆಯ ಬರೆದುಕೊಟ್ಟಿರುವುದಾಗಿ ಅವರು ತಿಳಿಸಿದರು. ನೋಟ್ಸ್ ನೋಡದೆ ಬಾಯಿಪಾಠ ಒಪ್ಪಿಸುವಂತೆ ನನಗೆ ಸೂಚಿಸಿದರು. ಎದ್ದು ನಿಂತು ಮೊದಲ ಸಾಲಿನಿಂದ ತಪ್ಪು ಅಂಕಿಗಳವರೆಗೆ ಒಪ್ಪಿಸಿದೆ. ಅವರು ಬೆರಳಿಟ್ಟು ನೋಟ್ಸಿನ ಸಾಲುಗಳನ್ನು ಹೋಲಿಸುತ್ತಾ ಹೋದರು. ನಕಲಿನ ಆರೋಪ ಕೈಬಿಡಲಾಯಿತು. ಆ ಪ್ರಶ್ನೆಗೆ ಇಬ್ಬರಿಗೂ ಸೊನ್ನೆ, ಜೊತೆಗೆ ಎಚ್ಚರಿಕೆ.

ಆಮೇಲೆ ಅವರು ನನ್ನ ಪತ್ರವನ್ನು ಮುಂದಕ್ಕೆ ಸರಿಸಿ, ಆ ಒಂದು ವಾಕ್ಯ ನಿಜವೇ ಎಂದು ವಿಚಾರಿಸಿದರು. ಅಲ್ಲವೆಂದೆ. ಸಲ್ಲಿಸಿದ ಪತ್ರವನ್ನು ಹಿಂದಿರುಗಿಸಲಾಗದು, ಕೆಳಗೆ ತಿದ್ದುಪಡಿ ಬರೆದು ಸಹಿ ಮಾಡಬಹುದು ಎಂದರು. ಬರೆದು ಸಹಿ ಮಾಡಿದೆ.

ಗೆಳೆಯ ಬಸ್ ಸ್ಟಾಪಿನಲ್ಲಿ ಕಾಯುತ್ತಿದ್ದ.

"ಒಪ್ಪಿಸಿದಿ?"

"ಹೂಂ. ಉಳಿದ್ವಿ. ನನ್ನ ಲೆಟರ್‌ನಲ್ಲಿ ನಿನ್ ಬಗ್ಗೆ ಒಂದು ಮಾತು ಬರ್ದಿದ್ದೆ ಕಣೋ. ಸುಳ್ಳು ಮಾತು."

"ಗೊತ್ತದ."

"ಮೇಡಂ ಹೇಳಿದ್ರಾ?"

"ಅವರ್ಯಾಕ ಹೇಳ್ತಾರ? ಲೈಬ್ರರಿ ಪ್ರಿಂಟರ್‌ದಾಗ ಎರಡ್ ಕಾಪಿ ಬಂದಿದ್ವು. ನೀ ಒಂದ ತಗೊಂಡ್ ಹೋದಿ. ನಿನ್ನ ಹಿಂದ ನಂದೂ ಪ್ರಿಂಟ್ ಇತ್ತು."

ನಾನು ಬಸ್ಸು ಬರುವ ದಿಕ್ಕಿಗೆ ತಿರುಗಿದೆ. ಅವನೇ ಮುಂದುವರಿಸಿದ:

"ನಂದ್ರಾಗೂ ನೀನ ಇದ್ದಿ. ಹಿಂದ ಕುಂತು ನೋಡಿದಾ ಅಂತ ಬರದಿದ್ದೆ. ನಿಂದು ಓದಿದ ಮ್ಯಾಲೆ ಹರದ್ ಒಗದೆ. ನಿನ್ನ ಮ್ಯಾಲಿನ ಪ್ರೀತಿಗೆ ಅಲ್ಲಲೇ, ಹಂಗ್ ತಿಳ್ಕೋಬ್ಯಾಡ. ಇಬ್ರೂ ಹಂಗ ಬರದ್ರ ಇಬ್ರನ್ನೂ ವಿಮಾನ ಹತ್ತಸ್ತಿದ್ರು."

ಬಸ್ಸು ಬಂತು. ಇಬ್ಬರೂ ಹತ್ತಿದೆವು.

ವ್ಯಾಸಂಗ ಮುಗಿಯುವವರೆಗೆ ನಾವು ಅದೇ ಕೋಣೆಯಲ್ಲಿ ಉಳಿದೆವು. ಅಡುಗೆ, ಪಾತ್ರೆ, ಬಾಡಿಗೆ ಎಲ್ಲವೂ ಮೊದಲಿನಂತೆಯೇ ನಡೆಯಿತು. ಆದರೆ ಅಂದಿನಿಂದ ಅವನು ಏನನ್ನೇ ಬರೆಯುವಾಗಲೂ ಎಡತೋಳನ್ನು ಕಾಗದದ ಸುತ್ತ ಅಡ್ಡವಿಟ್ಟುಕೊಳ್ಳುತ್ತಿದ್ದ. ನಾನೂ ಇಡುತ್ತಿದ್ದೆ.