ಸದ್ದಿಲ್ಲದೆ ಇಳಿದ ಪೆಡಲ್

ಕೇಳಿದ್ದನ್ನೆಲ್ಲ ಬಾಯಲ್ಲಿ ನುಡಿಸುವ ಚಟ ನನಗೆ. ಊಟಿ ಕಡೆಯ ನಮ್ಮೂರು ಎಮರಾಲ್ಡಿಗೆ ಬರುವ ಬಸ್ಸಿನ ಕಂಡಕ್ಟರು, ಫೋನಿನಲ್ಲಿ ಮೂರು ಭಾಷೆ ಬೆರೆಸಿ ಆಲೂಗಡ್ಡೆ ಮಾರುವ ಅಪ್ಪ, ಯಾರನ್ನೂ ಬಿಟ್ಟವನಲ್ಲ. ಹುಡುಗಿಯರ ಮುಂದೆ ಇದ್ದಕ್ಕಿದ್ದಂತೆ ದಪ್ಪವಾಗುವ ನನ್ನ ದನಿಯನ್ನಂತೂ ನನ್ನಷ್ಟು ಚೆನ್ನಾಗಿ ಅಣಕಿಸುವವರೇ ಇಲ್ಲ. ಆದರೂ ನನ್ನ ಶ್ರೇಷ್ಠ ಪಾತ್ರವೆಂದರೆ ಮನೆಯ ಹಳೆಯ ಅಂಬಾಸಿಡರ್.

ಆ ಪಾತ್ರಕ್ಕೆ ಒಬ್ಬರೇ ಗಂಭೀರ ಪ್ರೇಕ್ಷಕರು: ಪಕ್ಕದ ಹಟ್ಟಿಯ ಮೆಕ್ಯಾನಿಕ್ ಬೆಳ್ಳಿಯಣ್ಣ. ಹಿಂದಿನ ಪಂಡಿತರು ನಾಡಿ ಹಿಡಿದು ರೋಗ ಹೇಳುತ್ತಿದ್ದರಂತೆ. ಇವರು ನನ್ನ ಗಂಟಲು ಕೇಳಿ ಕಾರಿನ ರೋಗ ಹೇಳುತ್ತಾರೆ. ನಾನು ಫೋನಿನಲ್ಲಿ ಕೆಮ್ಮಿದರೆ ಪ್ಲಗ್ಗು, ಗೊರಕೆ ಹೊಡೆದರೆ ಸೈಲೆನ್ಸರು.

ಮೊನ್ನೆ ಮಸಿನಗುಡಿಯ ದೊಡ್ಡಮ್ಮನಿಗೆ ಕಣ್ಣಿನ ಆಪರೇಷನ್ ಆಯಿತು. ಅಮ್ಮನಿಗೆ ಭಾನುವಾರ ಅಕ್ಕನನ್ನು ನೋಡಲೇಬೇಕು. ಬಸ್ಸು ಹತ್ತಿದರೆ ಅವಳಿಗೆ ವಾಂತಿ. ಹಾಗಾಗಿ ಕಲ್ಲಟ್ಟಿ ಘಾಟಿಯ ಅಷ್ಟೂ ತಿರುವುಗಳಲ್ಲಿ ಅವಳನ್ನು ನಾನೇ ಕಾರಿನಲ್ಲಿ ಇಳಿಸಬೇಕು. ಬ್ರೇಕು ಒತ್ತಿದರೆ ಕಿರುಚುತ್ತಿತ್ತು. ಬೆಳ್ಳಿಯಣ್ಣನ ಶೆಡ್ಡಿನಲ್ಲಿ ನಿಂತು ಆ ಕಿರುಚಾಟವನ್ನು ಆಲಾಪನೆ ಸಮೇತ ಒಪ್ಪಿಸಿದೆ. ಅವರು ಸವೆದ ಬ್ರೇಕ್ ಶೂಗಳನ್ನು ಬದಲಿಸಿದರು.

“ಬೇರೆ ಏನಾದ್ರೂ ಉಂಟಾ ತಂಬಿ?”

“ಏನೂ ಇಲ್ಲಣ್ಣ,” ಎಂದೆ, ಚಪ್ಪಾಳೆಗೆ ಕಾಯುವ ಕಲಾವಿದನ ಹಾಗೆ.

ಶುಕ್ರವಾರ ಊಟಿಯಲ್ಲಿ ಇಳಿಜಾರಿನಲ್ಲಿ ಬ್ರೇಕು ಒತ್ತಿಕೊಂಡೇ ನಿಂತಿದ್ದೆ. ಕಾರು ಮೆಲ್ಲಗೆ ಜಾರಿ ಮುಂದಿದ್ದ ಕ್ಯಾರೆಟ್ ಲಾರಿಗೆ ಮುತ್ತಿಟ್ಟಿತು. ಪೆಟ್ಟೇನೂ ಆಗಲಿಲ್ಲ. ಆದರೆ ಲಾರಿಯಿದ್ದ ಜಾಗದಲ್ಲಿ ಕಲ್ಲಟ್ಟಿಯ ಪ್ರಪಾತವನ್ನೂ ಪಕ್ಕದ ಸೀಟಿನಲ್ಲಿ ಅಮ್ಮನನ್ನೂ ಇಟ್ಟು ನೋಡಿದೆ.

ಮತ್ತೆ ಶೆಡ್ಡು. “ಈಗ ಸದ್ದು ಹೆಂಗಿತ್ತು?” ಎಂದರು ಬೆಳ್ಳಿಯಣ್ಣ.

“ಸದ್ದೇ ಇರಲಿಲ್ಲ. ಪೆಡಲ್ ಸುಮ್ಮನೆ ಕೆಳಗೆ ಹೋಗುತ್ತೆ. ಮುಂಚೆಯೂ ಒಂದೆರಡು ಸಲ ಹೋಗಿತ್ತು.”

“ಅದನ್ಯಾಕೆ ಅವತ್ತೇ ಹೇಳಲಿಲ್ಲ? ಸದ್ದು ಮಾಡದ್ದು ನಿಂಗೆ ಕಾಯಿಲೆನೇ ಅಲ್ವಾ ತಂಬಿ? ಸರಿ, ಪೆಡಲ್ ಒತ್ತಿ ಹಿಡ್ಕೊ. ಬಾಯಿ ಮುಚ್ಕೊ. ನಾ ಟೀ ಕುಡಿದು ಬರ್ತೀನಿ.”

ಅಷ್ಟು ಹೊತ್ತು ಸುಮ್ಮನಿದ್ದದ್ದು ಜೀವಮಾನದಲ್ಲಿ ಅದೇ ಮೊದಲು. ಕಾಲ ಕೆಳಗೆ ಪೆಡಲ್ ನಿದ್ದೆಗೆ ಜಾರುವ ಮಗುವಿನ ತಲೆಯಂತೆ ಇಂಚಿಂಚಾಗಿ ಇಳಿಯಿತು. ಬೆಳ್ಳಿಯಣ್ಣ ಬಂದು ನಾಲ್ಕೂ ಚಕ್ರದ ಹಿಂದೆ ಬೆರಳಾಡಿಸಿದರು, ಎಲ್ಲೂ ಒದ್ದೆಯಿಲ್ಲ. ಬ್ರೇಕ್ ಆಯಿಲ್ ಕೂಡ ಕಡಿಮೆಯಾಗಿರಲಿಲ್ಲ. “ಹೊರಗೆ ಸೋರಿಲ್ಲ ಅಂದ್ರೆ ಒಳಗೇ ಕಳ್ಳ,” ಎಂದು, ಪೆಡಲಿನ ಒತ್ತಡವನ್ನು ಚಕ್ರಗಳಿಗೆ ಕಳಿಸುವ ಮಾಸ್ಟರ್ ಸಿಲಿಂಡರ್ ಬಿಚ್ಚಿದರು. ಒಳಗಿನ ರಬ್ಬರು ಸವೆದು, ಒತ್ತಡವನ್ನು ಸದ್ದಿಲ್ಲದೆ ಹಿಂದಕ್ಕೆ ಬಿಡುತ್ತಿತ್ತು. ಹೊಸದು ಹಾಕಿ, ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆದು, ನನ್ನನ್ನು ಇನ್ನೊಂದು ಟೀ ಹೊತ್ತು ಮೂಕನಾಗಿ ಕೂರಿಸಿದರು. ಪೆಡಲ್ ಕಲ್ಲಿನಂತೆ ನಿಂತಿತು.

ಲೋಕವನ್ನು ಕಾಯುವವರ ವಿಷಯದಲ್ಲೂ ನಾನು ಇದೇ ತಪ್ಪು ಮಾಡುತ್ತೇನೆ. ಗದ್ದಲ ಮಾಡುವವರ ಹೆಸರೆಲ್ಲ ನಾಲಿಗೆಯ ಮೇಲಿರುತ್ತದೆ. ಟೀ ಲೋಟ ಹಿಡಿದು ಕಾಯುವ ತಾಳ್ಮೆಯವರು ನೆನಪಾಗುವುದು ಪೆಡಲ್ ಜೊತೆ ಕಾಲೂ ಆಳಕ್ಕಿಳಿದ ಮೇಲೆ.

ಭಾನುವಾರ ಮೊದಲ ಗೇರಿನಲ್ಲಿ, ತಿರುವು ತಿರುವಿಗೂ ಬೆಳ್ಳಿಯಣ್ಣನನ್ನು ನೆನೆಯುತ್ತ ಇಳಿದೆ. ಅಮ್ಮ ಅರ್ಧ ದಾರಿ ನಿದ್ದೆ. ಮಸಿನಗುಡಿಯಲ್ಲಿ ಕಪ್ಪು ಕನ್ನಡಕದ ದೊಡ್ಡಮ್ಮ ತಂಗಿಯ ಕೈ ಹಿಡಿದು ಕೇಳಿದರು: “ದಾರೀಲಿ ಹೆಂಗಾಯ್ತೇ?”

“ಏನೂ ಆಗ್ಲಿಲ್ಲ ಕಣಕ್ಕ,” ಎಂದಳು ಅಮ್ಮ.

ಒಬ್ಬ ಮೆಕ್ಯಾನಿಕ್ಕಿಗೆ ಇದಕ್ಕಿಂತ ದೊಡ್ಡ ಹೊಗಳಿಕೆಯನ್ನು ನಾನು ಕೇಳಿಲ್ಲ.