ಬಾಯಿ ತುಂಬ ಮಜ್ಜಿಗೆ, ಕೈಯಲ್ಲಿ ಏರ್‌ಗನ್

ಕವಣೆ ಬೀಸುವವರಿಗೆಲ್ಲ ಒಂದು ಚಟ ಇರುತ್ತದೆ. ಕಲ್ಲು ಕೈಬಿಡುವ ಹೊತ್ತಿಗೆ ಸರಿಯಾಗಿ ಗಂಟಲೂ ಬಿಚ್ಚಿಕೊಳ್ಳಬೇಕು. ‘ಹೋ’ ಎಂಬ ಕೂಗಿಲ್ಲದೆ ಹೊರಟ ಕಲ್ಲನ್ನು ಗಿಳಿಗಳು ಲೆಕ್ಕಕ್ಕೇ ಇಡುವುದಿಲ್ಲ. ಸಂತೆಕಲ್ಲೂರಿನ ಆಚೆ ಎರೆಹೊಲಗಳ ನಡುವೆ ಇರುವ ನಮ್ಮ ಹಳ್ಳಿಯಲ್ಲಿ, ಜೋಳ ಹಾಲುಗಟ್ಟುವ ಕಾಲಕ್ಕೆ ಎಲ್ಲ ಅಟ್ಟಣಿಗೆಗಳಿಂದಲೂ ಈ ಕೂಗು ಕೇಳುತ್ತಿತ್ತು. ನಾಲ್ಕು ಕಂಬ ನೆಟ್ಟು ಮೇಲೆ ಕಟ್ಟಿಗೆ ಹಾಸಿದ ಅಂಥದೊಂದು ಅಟ್ಟಣಿಗೆಯೇ, ಮಸ್ಕಿಯಲ್ಲಿ ಹತ್ತನೇ ತರಗತಿ ಮುಗಿಸಿದ ಮೇಲೆ, ನನ್ನ ಕಾಲೇಜು. ಅಣ್ಣ ಲಿಂಗಸೂಗೂರಿನಲ್ಲಿ ರೂಮು ಮಾಡಿಕೊಂಡು ನಿಜವಾದ ಕಾಲೇಜಿಗೆ ಹೋಗುತ್ತಿದ್ದ. ನಾನು ಹಕ್ಕಿ ಕಾಯುತ್ತಿದ್ದೆ. ಅದರ ಬಗ್ಗೆ ನನಗೆ ಬೇಸರವೇನೂ ಇರಲಿಲ್ಲ. ನನ್ನಷ್ಟು ದೂರ ಕಲ್ಲು ಬೀಸುವವರು ಸುತ್ತಮುತ್ತ ಯಾರೂ ಇಲ್ಲ ಎಂಬ ಸೊಕ್ಕು ಬೇರೆ ಇತ್ತು.

ಆ ಸೊಕ್ಕೇ ಕೆಲಸ ಕೆಡಿಸಿತು. ಒಂದು ದಿನ ನನ್ನ ಕಲ್ಲು ನಮ್ಮ ಬದು ದಾಟಿ, ಪಕ್ಕದ ಹೊಲದ ಬನ್ನಿಗಿಡದ ನೆರಳಲ್ಲಿ ಇಟ್ಟಿದ್ದ ನೀರಿನ ಕೊಡಕ್ಕೆ ಹೋಗಿ ಬಡಿಯಿತು. ಕೊಡ ಹೊಸದು. ಹೊಲ ದೊಡ್ಡಪ್ಪನದು. ಅಪ್ಪನ ಈ ಅಣ್ಣ ಮಾತಾಡಿದರೆ ನಮ್ಮ ಮನೆಯಲ್ಲಿ ಗೋಡೆಗಳೂ ‘ಹೂಂ’ ಅನ್ನುತ್ತಿದ್ದವು. ಅವನು ಒಡೆದ ಕೊಡದ ಕುತ್ತಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ನಮ್ಮ ಕಟ್ಟೆಗೆ ಬಂದು, ಇನ್ನು ಮುಂದೆ ಆ ಹುಡುಗಿ ಕವಣೆ ಮುಟ್ಟಕೂಡದು ಎಂದು ಹೇಳಿ ಹೋದ. ಅಪ್ಪ ಕವಣೆಯನ್ನು ಅಟ್ಟಕ್ಕೆ ಎಸೆದ.

ಕವಣೆ ಹೋದರೂ ಗಿಳಿ ಹೋಗಲಿಲ್ಲ. ಹೊಲದ ನಾಲ್ಕು ಕಡೆ ಎಣ್ಣೆಯ ಖಾಲಿ ಡಬ್ಬಿ ಕಟ್ಟಿ, ಹಗ್ಗ ಎಳೆದು ಬಾರಿಸಿ ನೋಡಿದೆವು. ಹಗ್ಗ ಜೋಳದ ದಂಟಿಗೆ ಸಿಕ್ಕಿಕೊಂಡು, ನಾನು ಎಳೆದರೆ ಡಬ್ಬಿಯ ಬದಲು ತೆನೆ ಕುಣಿಯುತ್ತಿದ್ದವು. ಅದೇ ಸುಮಾರಿಗೆ ಅಪ್ಪ ತುರ್ವಿಹಾಳಕ್ಕೆ, ಕಾಲುವೆ ನೀರಲ್ಲಿ ನೆಲ್ಲು ಬೆಳೆಯುವ ನನ್ನ ಸೋದರಮಾವನ ಮನೆಗೆ ಹೋಗಿದ್ದ. ಅಲ್ಲಿ ಮಾವ ಬದುವಿನ ಮೇಲೆ ಕೂತು ಏರ್‌ಗನ್ನಿನಿಂದ ಗದ್ದೆಯಾಚೆಯ ಡಬ್ಬಿಗೆ ಹೊಡೆಯುತ್ತಿದ್ದನಂತೆ. ‘ಠಣ್’ ಅಂದರೆ ಸಾಕು, ಹಕ್ಕಿಯ ಹಿಂಡು ಎದ್ದು ಹೋಗುತ್ತಿತ್ತಂತೆ. ಅಪ್ಪ ಊರಿಗೆ ಬಂದವನೇ ಮೂರು ದಿನ ಅದೇ ‘ಠಣ್’ ಬಗ್ಗೆ ಮಾತಾಡಿದ. ನಾಲ್ಕನೆಯ ದಿನ ಅವ್ವ, ಅಷ್ಟು ಹೇಳುವ ಬದಲು ಒಂದು ತರಬಾರದೇನು ಅಂದಳು. ಆದರೆ ಷರತ್ತು ಹಾಕಿದಳು: ಡಬ್ಬಿಗಷ್ಟೇ ಹೊಡೆಯಬೇಕು, ಒಂದು ಹಕ್ಕಿಯ ಗರಿಯೂ ಉದುರಬಾರದು. ಮೊಟ್ಟೆ ಕೂಡ ಹೊಸಿಲು ದಾಟದ ಮನೆ ನಮ್ಮದು.

ಸಿಂಧನೂರಿಗೆ ಅಪ್ಪ ನನ್ನನ್ನೂ ಕರೆದುಕೊಂಡು ಹೋದ. ಎಂಬತ್ತರ ದಶಕದ ಕೊನೆಯ ಸಿಂಧನೂರು ಅಂದರೆ ನಮ್ಮಂಥ ಒಣಬೇಸಾಯದವರ ಕಣ್ಣಿಗೆ ಬೇರೆಯೇ ದೇಶ. ಪಂಪಿನ ಅಂಗಡಿ, ಔಷಧದ ಅಂಗಡಿ, ರಸ್ತೆಯಲ್ಲಿ ತೆಲುಗು, ಟ್ರ್ಯಾಕ್ಟರಿನ ಹಿಂದೆ ಟ್ರ್ಯಾಕ್ಟರು. ಪಂಪಿನ ಸಾಮಾನು ಮಾರುವ ಒಂದು ಅಂಗಡಿಯ ಗಾಜಿನ ಕಪಾಟಿನಲ್ಲಿ, ಬ್ಯಾಟರಿಗಳ ಹಿಂದೆ, ಏರ್‌ಗನ್ ಮಲಗಿತ್ತು. ಕಂದು ಕಟ್ಟಿಗೆಯ ಹಿಡಿ, ಎಣ್ಣೆ ಒರೆಸಿದ ಕರಿಯ ನಳಿಗೆ. ನೋಡಿದ ಕೂಡಲೇ ನನಗೆ ಅದು ಬೇಕು ಅನ್ನಿಸಿತು. ಬಳೆ, ಸೀರೆ ಯಾವುದನ್ನೂ ನಾನು ಹಾಗೆ ಆಸೆಪಟ್ಟು ನೋಡಿದ್ದಿಲ್ಲ.

ಅಪ್ಪ ಮೊದಲು ಲೈಸೆನ್ಸ್ ಬೇಕೇನು ಎಂದು ಕೇಳಿದ. ಬೇಡ, ಇದು ಗಾಳಿಯ ಬಂದೂಕು ಎಂದು ಅಂಗಡಿಯವನು ನಕ್ಕ. ನಳಿಗೆಯನ್ನು ನಡುವೆ ಮುರಿದಂತೆ ಬಗ್ಗಿಸಿ, ಛರ್ರಾ ಎಂಬ ಸೀಸದ ಪುಟ್ಟ ಗುಂಡನ್ನು ಕೂರಿಸಿ, ಮತ್ತೆ ನೇರ ಮಾಡುವುದನ್ನು ಒಮ್ಮೆ ತೋರಿಸಿದ. ಆಮೇಲೆ ಕಾಗದ ಸುತ್ತುತ್ತ ಸುಮ್ಮನೆ ಕೇಳಿದ:

“ಮಗನಿಗೇನ್ರೀ?”

ಅಪ್ಪ ನನ್ನ ಕಡೆ ನೋಡಿದ. ಆಮೇಲೆ ಕಪಾಟಿನ ಕಡೆ ನೋಡಿದ.

“ಹೊಲಕ್ಕರೀ,” ಅಂದ.

ನನಗೆ ಸಿಟ್ಟು ಬಂತು. ಹೊಲ ಏನು ಹೆಗಲಿಗೆ ಬಂದೂಕು ಇಟ್ಟುಕೊಂಡು ಒಂದು ಕಣ್ಣು ಮುಚ್ಚಿ ಗುರಿ ಹಿಡಿಯುತ್ತದೆಯೇ? ಮಸ್ಕಿಯ ತನಕ ಬಸ್ಸಿನಲ್ಲಿ ಅಪ್ಪನ ಜೊತೆ ಮಾತೇ ಆಡಲಿಲ್ಲ. ಅಪ್ಪನಿಗೆ ಅದು ಗೊತ್ತಾಗಲೂ ಇಲ್ಲ. ಗೋಣಿಚೀಲದಲ್ಲಿ ಸುತ್ತಿದ ಬಂದೂಕನ್ನು ಕಂಡಕ್ಟರನಿಗೆ ಪಂಪಿನ ಪೈಪು ಎಂದು ಹೇಳಿ ನಂಬಿಸುವುದರಲ್ಲಿ ಅವನು ಮುಳುಗಿದ್ದ.

ಕಲಿಯುವುದು ಏನು ಮಹಾ ಅಂದುಕೊಂಡಿದ್ದೆ. ನಳಿಗೆ ಬಗ್ಗಿಸುವುದು ನನಗೆ ಕಷ್ಟವೇ ಆಗಲಿಲ್ಲ. ಬಾವಿಯಿಂದ ನೀರು ಸೇದಿದ ತೋಳು. ಹಿತ್ತಲ ಬಣವೆಯ ಮುಂದೆ ಡಬ್ಬಿ ತೂಗುಹಾಕಿದೆ. ಯಾರೂ ಎದುರಿಗೆ ಬರಬಾರದು, ಎಲ್ಲರೂ ನನ್ನ ಬೆನ್ನ ಹಿಂದೆ ಇರಬೇಕು, ಬಂದೂಕಿನ ಮೂತಿ ಯಾವ ಹೊತ್ತಿಗೂ ಮನುಷ್ಯರ ಕಡೆ ತಿರುಗಬಾರದು ಎಂದು ಅಪ್ಪ ಕಟ್ಟುನಿಟ್ಟು ಮಾಡಿದ್ದ. ನಳಿಗೆಯ ತುದಿಯ ಮುಳ್ಳು, ಹಿಂದಿನ ಸೀಳು, ಡಬ್ಬಿ, ಮೂರನ್ನೂ ಒಂದೇ ಗೆರೆಗೆ ತಂದೆ. ಟ್ರಿಗರ್ ಎಳೆದೆ. ಡಬ್ಬಿ ಅಲ್ಲಾಡಲಿಲ್ಲ. ಮತ್ತೆ ಹೊಡೆದೆ. ಬಣವೆಗೆ ಛರ್ರಾ ಹೋಗುತ್ತಿತ್ತೇ ಹೊರತು ಡಬ್ಬಿ ಮೂಕಿಯ ಹಾಗೆ ತೂಗುತ್ತಿತ್ತು. ಹತ್ತಿರ ಹೋಗಿ ಹೊಡೆದೆ. ಕೂತು ಹೊಡೆದೆ. ಕಟ್ಟೆಗೆ ಒರಗಿ ಹೊಡೆದೆ. ಕವಣೆಯಲ್ಲಿ ಅಷ್ಟು ದೂರದ ಕೊಡ ಒಡೆದವಳಿಗೆ ಮೂಗಿನ ಮುಂದಿನ ಡಬ್ಬಿ ಸಿಗುತ್ತಿಲ್ಲ. ವಾರ ಕಳೆಯುವ ಹೊತ್ತಿಗೆ ಅಳು ಬರುವ ಹಾಗಾಗಿತ್ತು.

ಸುದ್ದಿ ದೊಡ್ಡಪ್ಪನಿಗೆ ಮುಟ್ಟಿತು. ಅವನು ಬಂದು, ಹೆಣ್ಣುಮಗಳ ಕೈಗೆ ಬಂದೂಕು ಕೊಟ್ಟರೆ ಹೀಗೇ ಆಗುವುದು, ಎಳ್ಳಮಾಸಿ ಹಬ್ಬಕ್ಕೆ ಹುಡುಗ ಬರುತ್ತಾನಲ್ಲ, ಅವನ ಕೈಗೆ ಕೊಟ್ಟು ಕಳಿಸು, ಅವನಾದರೂ ನೆಟ್ಟಗೆ ಕಲಿತಾನು ಅಂದ. ಅಪ್ಪ ಕತ್ತು ಆಡಿಸಿದ. ಅಂದರೆ ಗನ್ನು ಲಿಂಗಸೂಗೂರಿಗೆ, ಕಾಲೇಜು ಹುಡುಗರ ರೂಮಿಗೆ. ಅಲ್ಲಿ ಅಣ್ಣ ಅದನ್ನು ಯಾವ ಗಿಳಿಗೆ ತೋರಿಸುತ್ತಾನೆ? ಅದು ನನ್ನದು ಅನ್ನಿಸಿಬಿಟ್ಟಿತ್ತು. ಯಾರೂ ನನ್ನದು ಎಂದು ಹೇಳಿರಲಿಲ್ಲ, ಆದರೂ.

ಮರುದಿನ ಮಧ್ಯಾಹ್ನ ಮತ್ತೆ ಹಿತ್ತಲಿಗೆ ಇಳಿದೆ. ಪಡಸಾಲೆಯಲ್ಲಿ ಅಜ್ಜಿ ಆಗಷ್ಟೇ ಕಣ್ಣು ಮುಚ್ಚಿದ್ದಳು. ನಾನು ಹೊಡೆದ ಮೊದಲ ಗುಂಡಿಗೇ ಅವ್ವ ಸೌಟು ಹಿಡಿದುಕೊಂಡು ಹೊರಗೆ ಬಂದಳು.

“ಏನ್ ಬೇ, ಒಂದೊಂದು ಸಲ ಹೊಡ್ದಾಗೂ ಹೋ ಹೋ ಅಂತ ಒದರಾಕತ್ತಿ. ಮುದುಕಿ ಮಲಗ್ಯಾಳ. ಬಾಯಾಗ ನೀರು ತುಂಬ್ಕೊಂಡು ಹೊಡಿ.”

ನಾನು ಒದರುತ್ತಿದ್ದೇನೆ ಎಂಬುದೇ ನನಗೆ ಗೊತ್ತಿರಲಿಲ್ಲ. ಚಿಕ್ಕಂದಿನಿಂದ ಕವಣೆ ಬೀಸಿದ ಕೊರಳು. ಕೈ ಕೆಲಸ ಮಾಡಿದರೆ ತಾನೂ ಮಾಡಲೇಬೇಕು ಎಂದು ತಿಳಿದಿತ್ತು. ಟ್ರಿಗರ್ ಎಳೆಯುವ ಹೊತ್ತಿಗೇ ‘ಹೋ’ ಬರುತ್ತಿತ್ತು, ಎದೆ ಉಬ್ಬುತ್ತಿತ್ತು, ಹೆಗಲು ಏಳುತ್ತಿತ್ತು, ನಳಿಗೆ ಆಕಾಶ ನೋಡುತ್ತಿತ್ತು. ಇದನ್ನೆಲ್ಲ ಆಮೇಲೆ ತಿಳಿದುಕೊಂಡೆ. ಆಗ ಮಾತ್ರ ಅವ್ವನ ಮೇಲಿನ ಸಿಟ್ಟಿಗೆ ಒಂದು ತಂಬಿಗೆ ನೀರು ತಂದು, ಕೆನ್ನೆ ಉಬ್ಬುವಷ್ಟು ಬಾಯಿಗೆ ಹಾಕಿಕೊಂಡು ಗುರಿ ಹಿಡಿದೆ. ಬಾಯಿ ಬಿಡುವ ಹಾಗಿಲ್ಲ. ಉಸಿರು ತಾನಾಗಿಯೇ ಸಣ್ಣಗಾಯಿತು. ಹೆಗಲು ಇದ್ದಲ್ಲೇ ಕೂತಿತು.

ಠಣ್.

ಅಜ್ಜಿ ಎದ್ದೇಬಿಟ್ಟಳು. ಅವ್ವ ಬೈದಳು. ನಾನು ಅಲ್ಲೇ ನೀರು ಉಗುಳಿ ನಗತೊಡಗಿದೆ. ಅವತ್ತಿನಿಂದ ನಾನೂ ನನ್ನ ತಂಬಿಗೆಯೂ ಜೊತೆಗೇ ತಿರುಗಾಡಿದೆವು. ಡಬ್ಬಿಯನ್ನು ಬಣವೆಯಿಂದ ಬೇಲಿಗೆ, ಬೇಲಿಯಿಂದ ಹೊಲಕ್ಕೆ ಒಯ್ದೆ. ದೂರ ಹೆಚ್ಚಿದರೆ ಮುಳ್ಳನ್ನು ಎಷ್ಟು ಮೇಲೆ ಹಿಡಿಯಬೇಕು, ಗಾಳಿ ಬೀಸಿದರೆ ಎಷ್ಟು ಕಾಯಬೇಕು, ಎಲ್ಲ ಒಂದೊಂದಾಗಿ ಕೈಗೆ ಬಂತು. ದೊಡ್ಡಪ್ಪನಿಗೆ ಮಾತ್ರ ಯಾರೂ ಹೇಳಲಿಲ್ಲ. ಹೇಳಿದರೂ ಅವನು ನಂಬುವ ಪೈಕಿ ಅಲ್ಲ.

ಎಳ್ಳಮಾಸಿ ಬಂತು. ಎಳ್ಳ ಅಮಾವಾಸ್ಯೆಯ ದಿನ ನಮ್ಮ ಕಡೆ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಬಂಡಿ ಕಟ್ಟಿಕೊಂಡು ಬುಟ್ಟಿ ಬುಟ್ಟಿ ಅಡುಗೆಯೊಂದಿಗೆ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಪೂಜೆ ಮಾಡಿ, ಮಾಡಿದ್ದನ್ನೆಲ್ಲ ಕಲಸಿ ಹೊಲದ ತುಂಬ ಚೆಲ್ಲುತ್ತೇವೆ. ಅದಕ್ಕೆ ಚರಗ ಅನ್ನುತ್ತಾರೆ. ಮುಂದೆ ಒಬ್ಬರು ಚೆಲ್ಲುತ್ತ ಹೋದರೆ ಹಿಂದಿನವರು ದೊಡ್ಡ ದನಿಯಲ್ಲಿ ಕೂಗು ಹಾಕುತ್ತ ಹೋಗಬೇಕು. ಆ ದಿನ ಚರಗ ಚೆಲ್ಲಿದವನು ದೊಡ್ಡಪ್ಪ, ಕೂಗು ಹಾಕಿದವಳು ನಾನು. ಕೂಗಿಗೆ ಬೇಕಾದರೆ ಈ ಹುಡುಗಿಯನ್ನು ಬಿಟ್ಟರಿಲ್ಲ ಎಂದು ಅವನೇ ಹೇಳಿದ. ಆಮೇಲೆ ಎಲ್ಲರೂ ಬನ್ನಿಗಿಡದ ಕೆಳಗೆ ಕೂತು ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾದ ಹೋಳಿಗೆ ಉಂಡೆವು.

ಊಟ ಮುಗಿದ ಮೇಲೆ ದೊಡ್ಡಪ್ಪ ಎಲೆ ಅಡಿಕೆ ಹಾಕಿಕೊಂಡು ಅಣ್ಣನನ್ನು ಕರೆದು, ಸಂಜೆ ಬಸ್ಸಿಗೆ ಹೋಗುವಾಗ ಗನ್ನು ಮರೆಯಬೇಡ ಅಂದ. ಅಣ್ಣ ನನ್ನ ಮುಖ ನೋಡಿದ. ಪಾಪ, ಅವನಿಗೆ ಅದು ಬೇಕಾಗಿರಲಿಲ್ಲ. ನಾನು ಎದ್ದು ನಿಂತೆ.

“ದೊಡ್ಡಪ್ಪ, ನಮ್ಮ ಹೊಲದ ಆ ಕಡೆ ಮೂಲಿ ಡಬ್ಬಿ ಬಾರಿಸಿದವ್ರಿಗೆ ಗನ್ನು. ಅಣ್ಣನೂ ಹೊಡೀಲಿ, ನಾನೂ ಹೊಡೀತೀನಿ.”

ಹೊಲದಲ್ಲಿ ಕೂತ ಹಬ್ಬದ ಜನಕ್ಕೆ ಇಂಥದ್ದೇ ಬೇಕು. ಚಿಕ್ಕಮ್ಮಂದಿರು, ಅವರ ಮಕ್ಕಳು, ಬಂಡಿ ಹೊಡೆಯುವವನು, ಎಲ್ಲರೂ ಅಟ್ಟಣಿಗೆಯ ಹಿಂದೆ ಬಂದು ನಿಂತರು. ಹೊಲದ ಆ ಮೂಲೆ ಅಟ್ಟಣಿಗೆಗೆ ಎಲ್ಲಕ್ಕಿಂತ ದೂರ. ಡಬ್ಬಿಯ ಹತ್ತಿರ ಗಿಳಿಗಳು ಆಗಲೇ ತಮ್ಮ ಎಳ್ಳಮಾಸಿ ಶುರುಮಾಡಿದ್ದವು. ದೊಡ್ಡಪ್ಪ ಒಬ್ಬೊಬ್ಬರಿಗೆ ಒಂದೇ ಗುಂಡು ಎಂದು ತೀರ್ಪು ಕೊಟ್ಟ. ಅಣ್ಣ ನಳಿಗೆ ಬಗ್ಗಿಸಲು ಮೊಣಕಾಲು ಕೊಟ್ಟ, ಎರಡೂ ಕಣ್ಣು ಮುಚ್ಚಿ ಹೊಡೆದ. ಛರ್ರಾ ಎಲ್ಲಿಗೆ ಹೋಯಿತೆಂದು ಇಂದಿಗೂ ಯಾರಿಗೂ ಗೊತ್ತಿಲ್ಲ. ಒಂದು ಗಿಳಿಯೂ ತಲೆ ಎತ್ತಲಿಲ್ಲ.

ನಾನು ಅಟ್ಟಣಿಗೆ ಹತ್ತಿ ತಂಬಿಗೆಗೆ ಕೈ ಚಾಚಿದರೆ ಅದು ಖಾಲಿ. ಊಟದ ಹೊತ್ತಿಗೆ ಯಾರೋ ಕುಡಿದುಬಿಟ್ಟಿದ್ದರು. ಕೊಡವೂ ಬರಿದಾಗಿತ್ತು. ಕೆಳಗೆ ನಿಂತಿದ್ದ ಅವ್ವನಿಗೆ ಏನು ತಿಳಿಯಿತೋ, ಮಜ್ಜಿಗೆಯ ಚರಿಗೆ ಎತ್ತಿ ಕೊಟ್ಟಳು. ಬಾಯಿ ತುಂಬ ಹಾಕಿಕೊಂಡೆ. ಇಂಗಿನ ಒಗ್ಗರಣೆಯ ಹುಳಿ ಮಜ್ಜಿಗೆ. ಗುರಿ ಹಿಡಿದೆ.

ಅದೇ ಹೊತ್ತಿಗೆ ಹಿಂದಿನಿಂದ ದೊಡ್ಡಪ್ಪನ ದನಿ ಬಂತು.

“ತಪ್ಪಿತಂದ್ರ ಅಳಂಗಿಲ್ಲ. ತಿಳೀತೇನ್?”

ನಮ್ಮ ಮನೆಯಲ್ಲಿ ದೊಡ್ಡಪ್ಪ ಕೇಳಿದ ಮಾತಿಗೆ ಉತ್ತರ ಕೊಡದವರು ಹುಟ್ಟಿರಲಿಲ್ಲ. ಅವನು ಮತ್ತೊಮ್ಮೆ, ಇನ್ನೂ ಗಟ್ಟಿಯಾಗಿ, ತಿಳಿಯಿತೇ ಎಂದು ಕೇಳಿದ. ಅಪ್ಪ ಕೆಮ್ಮಿದ. ದೊಡ್ಡವರು ಕೇಳಿದರೆ ಬಾಯಿ ಬಿಡಬಾರದೇನು ಎಂದು ಒಬ್ಬ ಚಿಕ್ಕಮ್ಮ ಗೊಣಗಿದಳು. ಉತ್ತರ ಕೊಡಬೇಕೆಂದರೆ ಮಜ್ಜಿಗೆ ನುಂಗಬೇಕು, ನುಂಗಿದರೆ ‘ಹೋ’ ಬರುತ್ತದೆ, ‘ಹೋ’ ಬಂದರೆ ಗನ್ನು ಲಿಂಗಸೂಗೂರಿಗೆ. ನಾನು ತಿರುಗಿ ನೋಡಲಿಲ್ಲ. ಬೆನ್ನಿಗೆ ಅವನ ಸಿಟ್ಟು ಬಿಸಿಲಿನ ಹಾಗೆ ತಾಗುತ್ತಿತ್ತು. ಗಾಳಿಗೆ ಓಲಾಡುತ್ತಿದ್ದ ಡಬ್ಬಿ ನಿಲ್ಲುವವರೆಗೆ ಕಾದೆ. ಮುಳ್ಳನ್ನು ಡಬ್ಬಿಗಿಂತ ಒಂದು ಬೆರಳು ಮೇಲೆ ಹಿಡಿದೆ. ಎಳೆದೆ.

ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಠಣ್. ಹಿಂಡಿಗೆ ಹಿಂಡೇ ಎದ್ದು, ಹಸಿರು ಬಟ್ಟೆ ಕೊಡವಿದ ಹಾಗೆ ಒಮ್ಮೆ ಸುತ್ತಿ, ಹಳ್ಳದ ಕಡೆಗೆ ಹೋಯಿತು.

ಮಜ್ಜಿಗೆ ನುಂಗಿದೆ. ಅಷ್ಟು ದಿನ ಹಿಡಿದಿಟ್ಟ ‘ಹೋ’ ಎಲ್ಲ ಒಟ್ಟಿಗೆ ಬಂತು. ಅಂಥ ಕೂಗನ್ನು ನಾನು ಅದಕ್ಕೆ ಮೊದಲೂ ಕೂಗಿರಲಿಲ್ಲ, ಆಮೇಲೂ ಕೂಗಿಲ್ಲ. ಅದಕ್ಕಿಂತ ದೊಡ್ಡ ಸಂತೋಷ ಜೀವನದಲ್ಲಿ ಬಂದಿಲ್ಲ ಅಂದರೆ ನನ್ನ ಮಕ್ಕಳು ಬೇಸರ ಮಾಡಿಕೊಳ್ಳುತ್ತಾರೆ. ಆದರೂ ಅದೇ ಸತ್ಯ. ಕೂಗಿ ಮುಗಿಸಿ, ಗನ್ನಿನ ಮೂತಿ ನೆಲಕ್ಕೆ ಮಾಡಿ, ಹಿಂದಕ್ಕೆ ತಿರುಗಿ ಹೇಳಿದೆ:

“ತಿಳೀತ್ರೀ ದೊಡ್ಡಪ್ಪ. ಅಳಂಗಿಲ್ಲ.”

ಮೊದಲು ಅಜ್ಜಿ ನಕ್ಕಳು, ಆಮೇಲೆ ಎಲ್ಲರೂ. ದೊಡ್ಡಪ್ಪ ನಗಲಿಲ್ಲ. ಎಲೆ ಅಡಿಕೆ ಉಗುಳಿ, ಬದುವಿನ ತನಕ ನಡೆದು, ತನ್ನ ಹೊಲವನ್ನು ಒಮ್ಮೆ ನೋಡಿದ. ನಮ್ಮ ಗಿಳಿಗಳಲ್ಲಿ ಅರ್ಧದಷ್ಟು ಅಲ್ಲಿಗೇ ಹೋಗಿ ಇಳಿದಿದ್ದವು. ವಾಪಸು ಬಂದು, ನಾಳೆ ತನ್ನ ಕಡೆಯೂ ಒಂದು ಡಬ್ಬಿ ಕಟ್ಟಿಸುತ್ತೇನೆ, ಅಟ್ಟಣಿಗೆಯಿಂದ ಅದೂ ಸಿಗುತ್ತದೇನು ನೋಡು ಎಂದು ನನಗೆ ಹೇಳಿದ. ಬಂದೂಕಿನ ಮಾತು ಮತ್ತೆ ಎತ್ತಲಿಲ್ಲ. ಸಂಜೆ ಲಿಂಗಸೂಗೂರಿನ ಬಸ್ಸು ಹತ್ತುವಾಗ ಅಣ್ಣನ ಕೈಯಲ್ಲಿ ಹೋಳಿಗೆಯ ಗಂಟು ಬಿಟ್ಟರೆ ಬೇರೇನೂ ಇರಲಿಲ್ಲ.

ಎರಡು ಹೊಲದ ಡಬ್ಬಿ ಬಾರಿಸತೊಡಗಿದ ಮೇಲೆ ಛರ್ರಾ ಬೇಗ ತೀರಿತು. ಸಂಕ್ರಾಂತಿಯ ಸುಮಾರಿಗೆ ನಾನೂ ಅಪ್ಪನೂ ಮತ್ತೆ ಸಿಂಧನೂರಿನ ಅದೇ ಅಂಗಡಿಗೆ ಹೋದೆವು. ಅಂಗಡಿಯವನಿಗೆ ನಮ್ಮ ಗುರುತು ಸಿಕ್ಕಿತು. ಇಷ್ಟು ಬೇಗ ಮುಗಿಸಿದ್ದೀರಲ್ಲ, ಯಾರು ಹೊಡೆಯುವವರು, ಗಂಡುಹುಡುಗರು ಬಹಳ ಇದ್ದಾರೇನು ಎಂದು ಛರ್ರಾದ ಡಬ್ಬಿ ಎಣಿಸುತ್ತ ಕೇಳಿದ. ನಾನು ಬ್ಯಾಟರಿಗಳ ಕಡೆ ನೋಡಿಕೊಂಡು ನಿಂತೆ.

ಅಪ್ಪ ಈ ಸಲ ಕಪಾಟಿನ ಕಡೆ ನೋಡಲಿಲ್ಲ. ನನ್ನ ಹೆಗಲ ಮೇಲೆ, ಗನ್ನಿನ ಹಿಡಿ ಕೂರುವ ಜಾಗದ ಮೇಲೆಯೇ, ಕೈ ಇಟ್ಟ.

“ಈಕಿರೀ,” ಅಂದ. “ನನ್ನ ಮಗಳು. ಗನ್ನು ಈಕಿದು.”